ಎಡಗಾಲಿಯ ಹೊರಬಾಜು

ಅಣ್ಣಿಗೇರಿ
ಬುಧವಾರ, ೧೯-೨-೨೦೨೫

ಮುದ್ದಿನ ಶಾಂಭವಿಗೆ ಈರಪ್ಪಕಾಕಾನ ಆಶೀರ್ವಾದ.

ಹೆಂಗ ಇದ್ದಿ? ಕೂಸಿನ ನೆಗಡಿ ಹೋತೇನು? ಅಳ್ನಾವರದ ಥಂಡ್ಯಾಗ ಕುಲಾಯಿ ಕಟ್ಟದ ಅದನ್ನ ಹೊರಗ ತರಬ್ಯಾಡ. ನಾವು ಆರಾಮ. ಫೋನಿನಾಗ ಮಾತಾಡಿದ್ರ ನಿಮ್ಮ ಕಾಕಿ ಬಾಗಿಲ ಸಂದ್ಯಾಗ ನಿಂತು ಕೇಳ್ತಾಳ, ಅದಕ್ಕ ಬರೀಲಿಕ್ಕೆ ಕೂತೆ.

ಬಾಣಂತನ ಮುಗಿಸಿ ಹೋಗುವಾಗ ನೀ ನನ್ನ ವಶಕ್ಕ ಬಿಟ್ಟ ಕಾರನ್ನು, ಈ ಆದಿತ್ಯವಾರ ಕೂಸಿನ ಕೂಡ ಬಂದು ಒಯ್ತೀನಿ ಅಂದೆಲ್ಲ, ಅದರ ಸುದ್ದಿ ಇದು. ಗಾಡಿಯ ಸಪ್ಪಳ ಕೇಳಿ ಯಾವ ಗಾಲಿ ಕೆಟ್ಟೈತಿ ಅಂತ ಹೇಳಾಂವ ಈ ತಾಲೂಕಿನಾಗ ನಾ ಒಬ್ಬನ. ಅಂಥಾ ನನ್ನ ಕಣ್ಣಿಗೆ ಮೊನ್ನೆ ಮುಂದಿನ ಎಡಗಾಲಿ ಬಿತ್ತು. ಟೈರಿನ ಹೊರಬಾಜು ಗೀರೆಲ್ಲಾ ಅಳಿಸಿ ಬೋಳು, ಒಳಬಾಜು ಹೊಸಾದರಂಗ! ಬಾಜೂಮನಿ ಬಸಣ್ಣ ಅವ್ವನ ಕಣ್ಣು ತೋರಸಾಕ ಒಂದು ದಿನ ಹುಬ್ಬಳ್ಳಿಗೆ ಕಾರು ಒಯ್ದಿದ್ದ. ಅಂವನೇ ಟೈರು ಬದಲಿಸ್ಯಾನ ಅಂತ ನನಗ ಅಗದಿ ಖಾತ್ರಿ ಆತು. “ನಮ್ಮ ಟೈರು ಎಲ್ಲೈತಿಲೇ ಬಸ್ಯಾ?” ಅಂದೆ. “ಎಣ್ಣಿ ತುಂಬಿಸಿ ಗಾಡಿ ಕೊಟ್ಟೀನಿ, ಮ್ಯಾಲ ಕಳ್ಳನೂ ನಾನ ಏನು?” ಅಂದ. ಅವತ್ತಿನಿಂದ ಅವರ ಮನಿ ಮಜ್ಜಿಗಿ ಬಂದ್ ಆತು.

ಟೈರಿನಂಗಡಿ ಮಹಬೂಬಸಾಬ ಗಾಲಿ ತಿರುವಿ ನೋಡಿದ. “ಟೈರು ಬದಲಾಗಿಲ್ರಿ, ನಾಕೂ ಒಂದ ತಾರೀಖಿನಾಗ ತಯಾರಾದವು. ಗಾಳಿ ಕಡಿಮಿ ಆಗಿದ್ರ ಎರಡೂ ಬಾಜು ಸವೀತಿತ್ತು, ಜಾಸ್ತಿ ಆಗಿದ್ರ ನಡಕ ಸವೀತಿತ್ತು. ಇದನ್ನ ಯಾರೋ ಒಂದ ಕಡೆ ಗರಗರ ತಿರುಗಿಸ್ಯಾರ” ಅಂದ. ಹೊಸಾ ಟೈರು ಮಾರೂ ಹಂಚಿಕಿ ಇರಬೇಕು ಅಂತ ಅವನ ಮ್ಯಾಲೂ ಸಂಶೇ ಬಂತು. ಅಷ್ಟರಾಗ ಮಡ್‌ಗಾರ್ಡಿನ ಸಂದಿಯಿಂದ ಒಂದು ಮುಷ್ಟಿ ಕಡ್ಲಿಹೊಟ್ಟು ಎಳದ. “ಇದು ಹುಬ್ಬಳ್ಳಿ ರಸ್ತೇದಾಗ ಬೆಳೀತೈತೇನ್ರಿ ಕಾಕಾ?” ಗಾಲಿಗಳ ಅಲೈನ್‌ಮೆಂಟ್ ಸರಿ ಮಾಡ್ಯಾನ. ಹದಿನೈದು ದಿನಕ್ಕೊಮ್ಮೆ ಗಾಳಿ ನೋಡಬೇಕಂತ, ಎಂಟು ಸಾವಿರ ಕಿಲೋಮೀಟರಿಗೆ ಮುಂದಿನ ಗಾಲಿ ಹಿಂದ ಹಾಕಬೇಕಂತ. ಹೊಟ್ಟು ಹೆಂಗ ಬಂತು ಅನ್ನೂದರ ತನಿಖಿ ನಡದೈತಿ.

ಅಳಿಯಂದಿರಿಗೆ ನಮಸ್ಕಾರ ಹೇಳು, ಕೂಸಿನ ಗಲ್ಲಕ್ಕೊಂದು ಮುತ್ತು ಕೊಡು.

ನಿನ್ನ ಕಾಕಾ,
ಈರಪ್ಪ

ತಾ.ಕ.: ಟ್ರ್ಯಾಕ್ಟರ್ ಸಿಗಲಿಲ್ಲ ಅಂತ ಎಂಟು ದಿನ ಸಿಮೆಂಟಿನ ಕಣದಾಗ ನಿನ್ನ ಕಾರಿನಿಂದ ಕಡ್ಲಿ ತುಳಿಸಿದಾಂವ ನಾನವ್ವ. ಕಣದಾಗ ಎಡಕ್ಕ ಸುತ್ತಬಾರದು ಅಂತ ಬರೇ ಬಲಕ್ಕ ಸುತ್ತಿದೆ, ಭಾರೆಲ್ಲಾ ಎಡಗಾಲಿಯ ಹೊರಬಾಜಿನ ಮ್ಯಾಲ ಬಿತ್ತು. ಟೈರಿನಾಗ ತಂತಿ ಕಾಣಾಕ ಹತ್ಯಾವ. ಆದಿತ್ಯವಾರ ಕೂಸಿನ ಕರಕೊಂಡು ಬರಬ್ಯಾಡ, ಮುಂದಿನ ಎರಡೂ ಟೈರು ಮಂಗಳವಾರ ಹೊಸಾವು ಬರ್ತಾವ. ಬಸಣ್ಣನ ಮುಂದ ತಪ್ಪು ಒಪ್ಪಿಕೊಳ್ಳಾಕ ಈಗ ಹೊಂಟೀನಿ. ಕಾರು, ಒಂದು ಕೀಲಿ ಮಹಬೂಬಸಾಬನ ಹತ್ರ ಅದಾವ. ಇನ್ನೊಂದು ಕೀಲಿ ಈ ಲಕೋಟಿಯೊಳಗ ಇಟ್ಟೀನಿ. ಇನ್ನೂ ಅರ್ಧಾ ಕಡ್ಲಿ ಕಣದಾಗ ಬಿದ್ದೈತಿ, ನನ್ನ ಮ್ಯಾಲ ನನಗ ಭರೋಸಾ ಇಲ್ಲ.