ಸೋಮವಾರದ ಮಾತ್ರೆ

೧೪ ಫೆಬ್ರವರಿ ೨೦೦೬, ಬೆಳಿಗ್ಗೆ

ಮತ್ತೆ ಫೋನ್ ಕ್ಯೂ. ಕಿವಿಗೆ ರಿಸೀವರ್, ಕೈಯಲ್ಲಿ ಮಗಳು ಸ್ಪಂದನಾಳ ಹಾಲಿನ ಲೋಟ. ನನ್ನ ಸಂಧಿವಾತದ ಮಾತ್ರೆ ಬರುವ ಸೋಮವಾರಕ್ಕೆ ಮುಗಿಯುತ್ತದೆ. ವಾರಕ್ಕೊಮ್ಮೆಯ ಮಾತ್ರೆ. ತಪ್ಪಿದರೆ ಬೆರಳು ಕಟ್ಟಿಗೆ.

ಶುರು ಮಾಡಿದವರು ಸ್ಟಾಕ್‌ಹೋಮ್‌ನ ಪ್ರೈವೇಟ್ ಸ್ಪೆಷಲಿಸ್ಟ್, ಡಾ. ಎಕ್‌ವಾಲ್. ಈಗ ಅವರ ಮಾತು: "ನೀವು ಸ್ಟೇಬಲ್ ಇದೀರಿ. ಇನ್ಮುಂದೆ ನಿಮ್ಮ ವೋರ್ಡ್‌ಸೆಂಟ್ರಾಲ್‌ನವರೇ ಬರ್ಕೊಡ್ತಾರೆ."

ವೋರ್ಡ್‌ಸೆಂಟ್ರಾಲ್ ಎಂಬ ಈ ಏರಿಯಾ ಕ್ಲಿನಿಕ್ಕಿನ ಡಾ. ಲಿಂಡ್: "ಇದು ರಿಸ್ಕ್ ಇರೋ ಔಷಧಿ. ನಾನು ಶುರು ಮಾಡಿದ್ದಲ್ಲ. ಅವರನ್ನೇ ಕೇಳಿ."

ಕೇಳಿಯಾಯಿತಲ್ಲ ಮಾರಾಯ!

೬ ಮಾರ್ಚ್

ಸೋಮವಾರ. ಮಾತ್ರೆ ಇಲ್ಲ. ಹೋದ ವಾರವೂ ಇರಲಿಲ್ಲ.

ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಹೊರಡುವಾಗ ಸ್ಪಂದನಾಳ ಚಳಿಯ ಓವರಾಲ್ ಜಿಪ್ ಎಳೆಯಲಾಗಲಿಲ್ಲ. ಬೆರಳು ಊದಿ ಬೆಂಡೆಕಾಯಿ. ಮಗು ನನ್ನ ಕೈ ಸರಿಸಿತು. "ಯಾಗ್ ಕಾನ್ ಶೆಲ್ವ್, ಅಮ್ಮ. ನಾನೇ ಹಾಕ್ತೀನಿ." ಐದು ವರ್ಷ ಅದಕ್ಕೆ. ಬಾತ್‌ರೂಮಿಗೆ ಹೋಗಿ ಅತ್ತೆ.

ಸೋಡರ್‌ಟೆಲ್ಯೆಯ ಔಷಧ ಕಾರ್ಖಾನೆಯಲ್ಲಿ ಕೆಲಸ ನನ್ನದು. ದಿನವಿಡೀ ಲ್ಯಾಬಿನಲ್ಲಿ ಮಾತ್ರೆ ಪರೀಕ್ಷೆ. ಇವತ್ತು ಪಿಪೆಟ್ ಹಿಡಿಯಲಾಗದೆ ಅರ್ಧ ದಿನಕ್ಕೇ ವಾಪಸ್.

೯ ಮಾರ್ಚ್

ಗಂಡ ಶಿವಪ್ರಸಾದ ರಜೆ ಹಾಕಿ ಜೊತೆಗೆ ಬಂದ. ಕ್ಲಿನಿಕ್ಕಿನಲ್ಲಿ ನನ್ನ ಕೈ ಎತ್ತಿ ತೋರಿಸಿದ, ಮೇಜಿನ ಮೇಲಿಟ್ಟ. ಸದ್ದಿಲ್ಲದ ಮನುಷ್ಯ. ಲಿಂಡ್ ಕೊನೆಗೂ ಬರೆದುಕೊಟ್ಟರು, "ಈ ಸಲಕ್ಕೆ ಮಾತ್ರ." ಪ್ರತಿ ತಿಂಗಳು ರಕ್ತ ಪರೀಕ್ಷೆ ಆಗಲೇಬೇಕಂತೆ. ಆಗಲಿ. ದೇವರೇ, ಇಷ್ಟು ಸಾಕು.

೨೧ ಏಪ್ರಿಲ್

ಬೆರಳು ಸರಿಹೋಗಿದೆ. ಬಾಯಿ ತುಂಬ ಹುಣ್ಣು. ಸಾರು ಅನ್ನವೂ ಉರಿ. ರಕ್ತ ಕೊಟ್ಟು ವಾರಗಳಾದವು. ಯಾರೂ ಫೋನ್ ಮಾಡಿಲ್ಲ. ಅಂದರೆ ಎಲ್ಲಾ ಸರಿ ಇರಬೇಕು...

೨೮ ಏಪ್ರಿಲ್, ಆಸ್ಪತ್ರೆ

ಜ್ವರ ಏರಿ ನಡುಕ. ಶಿವು ಫ್ಲೆಮಿಂಗ್ಸ್‌ಬೆರ್ಯ್‌ಗೆ ಕರೆತಂದ. ಇಲ್ಲಿನ ಡಾಕ್ಟರು ಸ್ಕ್ರೀನ್ ನೋಡಿ ಕೇಳಿದರು, "ಹಿಂದಿನ ಪರೀಕ್ಷೇಲೇ ಬಿಳಿ ರಕ್ತಕಣ ಕಡಿಮೆ ಇತ್ತಲ್ಲ? ಯಾಕೆ ಮಾತ್ರೆ ನಿಲ್ಲಿಸ್ಲಿಲ್ಲ?"

ನನ್ನನ್ನು ಕೇಳುತ್ತಾರೆ!

ಶಿವು ಕಾರಿಡಾರಿನಿಂದಲೇ ಇಬ್ಬರಿಗೂ ಫೋನ್ ಹಚ್ಚಿದ. ಲಿಂಡ್ ಕಡೆಯವರು: ರಕ್ತ ತೆಗೆದದ್ದಷ್ಟೇ ನಾವು, ರಿಸಲ್ಟ್ ಸ್ಪೆಷಲಿಸ್ಟ್ ನೋಡ್ತಾರೆ. ಎಕ್‌ವಾಲ್ ಕಡೆಯವರು: ಬರೆದವರು ಅವರು, ನೋಡ್ಬೇಕಾದ್ದೂ ಅವರೇ. ಒಳಗೆ ಬಂದವನ ಮುಖ ಬೂದಿ. "ಯಾರೂ ನೋಡಿಲ್ಲ ಕಣೆ. ಯಾರೂ."

೧೭ ಮೇ

ಮನೆ. ಮಾತ್ರೆ ಬಂದ್. ಬೆರಳು ಮತ್ತೆ ಬಿಗಿ. ಬದುಕಿದ್ದೇನೆ ಎಂದು ಎಲ್ಲರೂ ಅಭಿನಂದಿಸುತ್ತಾರೆ, ಮೈಯೆಲ್ಲ ಉರಿಯುತ್ತದೆ.

೮ ಜೂನ್

ಇವತ್ತು ಲಿಂಡ್ ಕೋಣೆಯಲ್ಲಿ ಕೂತೆ. "ಎಕ್‌ವಾಲ್‌ಗೆ ಈಗ್ಲೇ ಫೋನ್ ಮಾಡಿ. ನನ್ನೆದುರಿಗೆ. ಅಲ್ಲೀವರ್ಗೂ ಏಳಲ್ಲ." ಸ್ವೀಡಿಷ್‌ನಲ್ಲಿ ಜಗಳವಾಡಿದ್ದು ಇದೇ ಮೊದಲು. ವ್ಯಾಕರಣ ಎಲ್ಲಾ ತಪ್ಪು. ಅರ್ಥ ಮಾತ್ರ ಆಯಿತು ಅವರಿಗೆ.

ಸ್ಪೀಕರ್ ಹಾಕಿ ಡಯಲ್ ಮಾಡಿದರು. "ಹೇಯ್ ಹೇಯ್!" ಅತ್ತಲಿಂದಲೂ ನಗು. ಕಾಲೇಜಿನಲ್ಲಿ ಒಟ್ಟಿಗೆ ಓದಿದ್ದರಂತೆ! ಇಬ್ಬರಿಗೂ ಈ ತನಕ ಒಂದು ಫೋನ್ ಮಾಡಲಾಗಿರಲಿಲ್ಲ. ಅವರ ಬೇಸಿಗೆ ರಜೆಯ ಮನೆಯ ಮಾತು ಮುಗಿಯಲು ಕಾದೆ. ಆಮೇಲೆ ಕೇಳಿದೆ, "ನನ್ನ ರಕ್ತದ ರಿಸಲ್ಟ್ ಯಾರು ನೋಡ್ತೀರಿ?"

ಲಿಂಡ್ ಫೋನ್ ನನ್ನತ್ತ ತಿರುಗಿಸಿದರು.

"ಇಬ್ಬರೂ ನೋಡ್ತೀವಿ," ಎಂದರು ಎಕ್‌ವಾಲ್.

೨೨ ಜೂನ್, ಮಧ್ಯಾಹ್ನ

ಹೊಸ ರಿಸಲ್ಟ್ ಬಂದಿದೆ. ಈ ಸಲ ಇಬ್ಬರೂ ನೋಡಿದ್ದಾರೆ. ನಿಜಕ್ಕೂ.

ಮೊದಲು ಲಿಂಡ್ ಫೋನ್. "ಚೆನ್ನಾಗಿದೆ! ಸೋಮವಾರದಿಂದ ಕಡಿಮೆ ಡೋಸ್ ಶುರು ಮಾಡಿ." ಖುಷಿಗೆ ಕಾಫಿ ಇಟ್ಟೆ. ಕುದಿ ಬರುವ ಮುಂಚೆ ಎಕ್‌ವಾಲ್. "ಇನ್ನೂ ಸಾಲದು. ಮಾತ್ರೆ ಮುಟ್ಟಬೇಡಿ."

ಇಬ್ಬರದೂ ಅದೇ ರಿಪೋರ್ಟ್. ನಾಳೆ ಮಿಡ್‌ಸೊಮ್ಮರ್ ಹಬ್ಬ, ಊರೇ ಬಂದ್. ಶಿವು ಕಾರು ತೆಗೆಯುತ್ತಿದ್ದಾನೆ. ಲಿಂಡ್ ಹೊರಡುವ ಮುಂಚೆ ಹಿಡಿಯಬೇಕು. ಈ ಸಲ ತೀರ್ಮಾನ ಯಾರದು ಎಂದು ಒಬ್ಬರ ಹೆಸರು ಹೇಳುವ ತನಕ ನಾನು ಆ ಕುರ್ಚಿಯಿಂದ ಏಳುವುದಿಲ್ಲ.