ಗೂಡಿನಲ್ಲಿ ತಾತನ ಫೋಟೋ

ಚಿಕ್ಕಬಳ್ಳಾಪುರ
೫ ಏಪ್ರಿಲ್ ೨೦೨೬

ಜೈ ಭೀಮ್.

ಪ್ರೀತಿಯ ತನುಜಮ್ಮನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನೀನು ತಾತನ ಎಂಬತ್ತರ ಕಾರ್ಡಿನ ಚಿತ್ರ ಕಳಿಸಿ "ಹೆಂಗಿದೆ ಅತ್ತೆ?" ಎಂದು ಕೇಳಿ ಬಹಳ ದಿನವಾಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನನ್ನ ಫೋನಿನಿಂದ ನಿನಗೆ ಬಂದ ಆ ಹೆಬ್ಬೆರಳು ನನ್ನದಲ್ಲ. ನನ್ನ ಮಗರಾಯ ಸಿದ್ಧಾರ್ಥ್, "ನೋಡಿ ಸುಮ್ನಿದ್ರೆ ಬೇಜಾರು ಮಾಡ್ಕೋತಾಳಮ್ಮ" ಎಂದು ನನ್ನ ಕೈಯಿಂದ ಫೋನು ಕಿತ್ತುಕೊಂಡು ಒತ್ತಿಬಿಟ್ಟ. ಫೋನ್ ಮಾಡಿ ಬೈಯೋಣವೆಂದರೆ ನೀನು "ಕ್ಲಾಸಿದೆ ಅತ್ತೆ" ಎಂದು ಇಟ್ಟುಬಿಡುತ್ತೀಯ. ನಿಮ್ಮ ಗೌರಿಬಿದನೂರು ಕಾಲೇಜಿನಲ್ಲಿ ಕೆಮಿಸ್ಟ್ರಿಯನ್ನು ಬೆಳಗಿನಿಂದ ಸಂಜೆಯವರೆಗೂ ಕಲಿಸುತ್ತಾರೇನೋ ನನಗೆ ಗೊತ್ತಿಲ್ಲ. ಅದಕ್ಕೇ ಕಾಗದ. ಇದನ್ನು ಮಧ್ಯದಲ್ಲಿ ಕಟ್ ಮಾಡುವುದಕ್ಕಾಗುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ತಾತನ ಮಂಡಿನೋವು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ಮಧ್ಯಾಹ್ನ ಮುದ್ದೆಗೆ ಅವರೆಕಾಳಿನ ಸಾರು ಮಾಡಿದರೆ, "ಉಪ್ಪು ಯಾರಿಗೆ ಉಳಿಸ್ದೆ?" ಎಂದು ಕೇಳಿದರು. ನಂದಿಯಿಂದ ಯಾರೋ ದ್ರಾಕ್ಷಿ ತಂದುಕೊಟ್ಟಿದ್ದರು, ಹುಳಿ. ಅದನ್ನೂ ಸಿಹಿ ಎಂದುಕೊಂಡೇ ತಿಂದರು.

ಈಗ ವಿಷಯಕ್ಕೆ ಬರುತ್ತೇನೆ. ಮೊದಲು ನಿನ್ನ ವಿಡಿಯೋಗಳು. ಭಾನುವಾರ ಬಂದರೆ ಸಾಕು, ಸ್ಕೂಟರ್ ಹತ್ತಿ ಜಿಲ್ಲೆಯ ಹೋಟೆಲು, ಬೇಕರಿ, ಬಟ್ಟೆಯಂಗಡಿಗಳಿಗೆಲ್ಲ ಸ್ಟಾರ್ ಹಂಚಿಕೊಂಡು ಬರುತ್ತೀಯಲ್ಲ, ಅವೆಲ್ಲವನ್ನೂ ನಾನು ನೋಡಿದ್ದೇನೆ. ನಮ್ಮ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ಇಡ್ಲಿ ಹತ್ತಿಯ ಹಾಗಿದೆ ಎಂದೆ. ಇರಬಹುದು. ಟೇಬಲ್ ಒರೆಸುವ ಬಟ್ಟೆ ನೋಡಿದೆಯಾ? ಮೂವತ್ತು ವರ್ಷಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು, ಹೋಟೆಲಿಗೆ ಹೋದರೆ ಮೊದಲು ಆ ಬಟ್ಟೆ ನೋಡುತ್ತೇನೆ, ಆಮೇಲೆ ಕೈತೊಳೆಯುವ ಜಾಗ ನೋಡುತ್ತೇನೆ, ಇಡ್ಲಿ ಆಮೇಲೆ. ಗೌರಿಬಿದನೂರಿನ ಬೇಕರಿಯ ಖಾರಾ ಬನ್ನಿಗೆ ನಾಲ್ಕು ಸ್ಟಾರ್ ಕೊಟ್ಟಿದ್ದೀಯ. ಅದನ್ನು ನೀನು ಮುರಿಯುವಾಗಲೇ ನನಗೆ ಗೊತ್ತಾಯಿತು, ಅದು ಹಿಂದಿನ ದಿನದ್ದು. ಶಿಡ್ಲಘಟ್ಟದ ರೇಷ್ಮೆ ಮಾರುಕಟ್ಟೆ ಹಿಂದಿನ ಬಿರಿಯಾನಿಯವನಿಗೆ, ಪಾರ್ಕಿಂಗ್ ಇಲ್ಲವೆಂದು ಸ್ಟಾರ್ ಕತ್ತರಿಸಿದೆ. ಬೆಳಗಾಗುವ ಮೊದಲೇ ಒಲೆ ಹಚ್ಚಿ, ಮಾರುಕಟ್ಟೆಗೆ ಬಂದ ರೈತರ ಹೊಟ್ಟೆ ತುಂಬಿಸುವವನು ನಿನ್ನ ಸ್ಕೂಟರಿಗೆ ಜಾಗ ಎಲ್ಲಿಂದ ತರಬೇಕು? ಅವನ ಬಿರಿಯಾನಿ ಚೆನ್ನಾಗಿದೆ. ನಾನೂ ತಿಂದಿದ್ದೇನೆ.

ಚಿಂತಾಮಣಿಯ ಸೀರೆ ಅಂಗಡಿಯವರದು ಅತಿ ಸಲುಗೆ, ಓವರ್ ಫ್ರೆಂಡ್ಲಿ ಎಂದು ಮೂಗು ಮುರಿದೆ. ಸಿದ್ಧಾರ್ಥನ ಮದುವೆಗೆ ನಾನು ಅಲ್ಲಿಗೇ ಹೋಗಿದ್ದೆ. ಬಿಸಿಲಲ್ಲಿ ಬಂದವಳನ್ನು ಕೂರಿಸಿ, ಕೇಳುವುದಕ್ಕೆ ಮೊದಲೇ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟರು. ನನ್ನ ಲೆಕ್ಕದಲ್ಲಿ ಅಂಗಡಿಯೆಂದರೆ ಅದು. ನೀರನ್ನು ಹೇಗೆ ಕೊಡುತ್ತಾರೆ ನೋಡು, ಮಿಕ್ಕಿದ್ದೆಲ್ಲ ತಾನಾಗಿ ತಿಳಿಯುತ್ತದೆ. ಅದೇ ಮದುವೆಗೆ ನಾವು ಮೊದಲು ನೋಡಿದ್ದ ಏಸಿ ಕಲ್ಯಾಣ ಮಂಟಪಕ್ಕೆ ನೀನು ಐದು ಸ್ಟಾರ್ ಕೊಟ್ಟಿದ್ದೀಯ. ಆ ಮಂಟಪದವರು ಫೋನಿನಲ್ಲಿ "ಖಾಲಿ ಇದೆ, ಬನ್ನಿ ಮೇಡಂ" ಎಂದಿದ್ದರು. ಲಗ್ನಪತ್ರಿಕೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೋ ನೋಡಿದ ಮೇಲೆ ಆ ದಿನ ಇನ್ಯಾರಿಗೋ ಆಗಿಹೋಗಿತ್ತು. ಕೊನೆಗೆ ಅಂಬೇಡ್ಕರ್ ಭವನದಲ್ಲಿ ಮಾಡಿದೆವು. ಅಲ್ಲಿ ಫ್ಯಾನ್ ಸದ್ದು ಮಾಡುತ್ತದೆ ಎಂದು ನೀನು ಆ ದಿನವೆಲ್ಲ ಗೊಣಗಿದೆ.

ಸರಿ, ಇದೆಲ್ಲ ಹಳೆಯ ಸಿಟ್ಟು, ಇದಕ್ಕೆ ನಾನು ಕಾಗದ ಬರೆಯುತ್ತಿರಲಿಲ್ಲ. ಬರೆಸಿದ್ದು ಆ ಕಾರ್ಡು.

ತಾತನಿಗೆ ಎಂಬತ್ತು ತುಂಬುತ್ತದೆ, ಬುದ್ಧಪೂರ್ಣಿಮೆಯ ದಿನ ಎಲ್ಲರೂ ಸೇರೋಣ ಎಂದು ನೀನು ಓಡಾಡುತ್ತಿರುವುದು ನನಗೆ ಸಂತೋಷವೇ. ನಿನ್ನಷ್ಟು ಅಕ್ಕರೆ ಆ ಮುದುಕನ ಮೇಲೆ ಯಾರಿಗಿದೆ? ಆದರೆ ಜಾಗ ಯಾವುದು ಹುಡುಕಿದೆ? ಚಿಂತಾಮಣಿಯಿಂದ ಕೈವಾರದ ಕಡೆ ಹೋಗುವಾಗ ಸಿಗುವ ನಮ್ಮ ಹಳೆಯ ಊರಿನ, ಬಸ್ಸು ನಿಲ್ಲುವ ಗೇಟಿನ ಹೋಟೆಲು. ಈಗ ಅದಕ್ಕೆ "ತಾತನ ಹೋಟ್ಲು" ಎಂದು ಮರದ ಬೋರ್ಡು. ನಾಡಹೆಂಚು, ಹಳೇ ಬೆಂಚು, ಹಿತ್ತಾಳೆ ಲೋಟ, ಮೇಲೊಂದು ಪಾರ್ಟಿ ಹಾಲ್. ನಿನ್ನ ವಿಡಿಯೋದಲ್ಲಿ ಎಲ್ಲವನ್ನೂ ತೋರಿಸಿ, ಕೊನೆಗೆ ಆಚೆ ಬಂದು, ಸೂರಿನ ಕೆಳಗೆ ಗೋಡೆಯಲ್ಲಿರುವ ಒಂದು ಗೂಡಿನ ಪಕ್ಕ ಮುಖವಿಟ್ಟು ನಿಂತೆ. ಕೆಮ್ಮಣ್ಣಿನ ಅಂಚು, ಒಳಗೆ ದೀಪ, ಚೆಂಡುಹೂವು. "ಎಷ್ಟು ಕ್ಯೂಟಾಗಿದೆ ನೋಡಿ, ಹಿಂದಿನೋರ ಟೇಸ್ಟೇ ಟೇಸ್ಟು" ಎಂದೆ. ಐದು ಸ್ಟಾರ್. ಅಷ್ಟಕ್ಕೆ ಬಿಟ್ಟೆಯಾ? ಆ ಗೂಡನ್ನೇ ಕಾರ್ಡಿನ ಮೇಲೆ ಹಾಕಿ, ದೀಪ ತೆಗೆದು, ಅದರೊಳಗೆ ತಾತನ ಫೋಟೋ ಕೂರಿಸಿದ್ದೀಯ.

ತನುಜಾ, ಆ ಗೂಡು ನಮ್ಮ ಲೋಟದ್ದು.

ನಮ್ಮ ಕೇರಿಯವರಿಗೆಂದು ಅದರಲ್ಲಿ ಗಾಜಿನ ಲೋಟಗಳಿದ್ದವು, ಅಂಚು ಒಡೆದವು. ಒಳಗಿನವರ ಲೋಟ ಒಳಗೆ, ನಮ್ಮದು ಆಚೆ. ನಾವೇ ತೆಗೆದು, ನಾವೇ ತೊಳೆದು, ಕೆಳಗಿಟ್ಟು ಹಿಂದೆ ಸರಿಯಬೇಕು. ಹೋಟೆಲಿನವನು ಬಂದು ತನ್ನ ಪಾತ್ರೆ ತಾಕದ ಹಾಗೆ ಮೇಲಿನಿಂದ ಕಾಫಿ ಸುರಿಯುತ್ತಿದ್ದ. ಎದುರಿನ ಹೊಂಗೆಮರದ ಕೆಳಗೆ ನಿಂತು ಕುಡಿದು, ಮತ್ತೆ ತೊಳೆದು, ಗೂಡಿನಲ್ಲಿ ಮಗುಚಿಡಬೇಕು. ಆ ಹೋಟೆಲಿನ ಒಲೆಗೆ ಸೌದೆ ಒಡೆದು ಹಾಕುತ್ತಿದ್ದವರು ಯಾರು ಗೊತ್ತಾ? ನಿನ್ನ ತಾತ ಬಯ್ಯಪ್ಪ. ಅವರು ಒಡೆದ ಸೌದೆಯಲ್ಲಿ ಬೆಂದ ದೋಸೆಯನ್ನು ಅವರು ಒಂದು ದಿನವೂ ಒಳಗೆ ಕೂತು ತಿನ್ನಲಿಲ್ಲ. ನಾನು ಚಿಕ್ಕವಳಿದ್ದಾಗ, ನಮ್ಮ ಲೋಟ ಯಾಕೆ ಆಚೆ ಇದೆ ಎಂದು ಅಮ್ಮನನ್ನು ಕೇಳಿದ್ದೆ. "ಗಾಳಿ ಆಡ್ಲಿ ಅಂತ ಇಟ್ಟವ್ರೆ ಕಣಮ್ಮ" ಎಂದಳು. ನಾನು ನಂಬಿದ್ದೆ.

ಕಾರ್ಡು ನೋಡಿದ ಮೇಲೆ ತಡೆಯಲಾಗದೆ ನಿನ್ನ ರಮೇಶ್‌ಬಾಬುವಿಗೆ ಫೋನ್ ಮಾಡಿದೆ. ಈಗ ಹೋಟೆಲು ನಡೆಸುವ ಅವನು ಆಗಿನ ಮಾಲೀಕ ವೆಂಕಟರಾಮಪ್ಪನ ಮೊಮ್ಮಗ. ಗೂಡು ಏತಕ್ಕಿತ್ತಪ್ಪ ಎಂದು ಕೇಳಿದೆ. "ನಮ್ ತಾತ ದೀಪ ಇಡೋಕೆ ಮಾಡ್ಸಿದ್ದಂತೆ ಮೇಡಂ" ಎಂದ. "ಆಚೆ ಗೋಡೇಲಿ, ಎಮ್ಮೆ ಕಟ್ಟೋ ಕಡೆ, ಯಾವ ದೇವ್ರಿಗಪ್ಪ ದೀಪ ಇಡ್ತಿದ್ರು?" ಎಂದೆ. ಅದಕ್ಕವನು, "ಹಳೇದೆಲ್ಲ ಯಾಕೆ ಮೇಡಂ ಈಗ? ಎಲ್ಲಾರೂ ಬರ್ತಾರೆ ನಮ್ ಹೋಟ್ಲಿಗೆ. ನಿಮ್ಮೋರೂ ಬರ್ತಾರೆ" ಎಂದ. ಆ "ನಿಮ್ಮೋರೂ" ಎನ್ನುವುದು ಕಿವಿಯಲ್ಲಿ ಇನ್ನೂ ಕೊರೆಯುತ್ತಿದೆ. ಅವನು ಒರಟಾಗಿ ಮಾತಾಡಲಿಲ್ಲ, ಬಹಳ ಮರ್ಯಾದೆಯಿಂದಲೇ ಮಾತಾಡಿದ. ಅದಕ್ಕೇ ಇನ್ನೂ ಮೈ ಉರಿಯುತ್ತದೆ.

ನಿನ್ನಪ್ಪನಿಗೆ ಹೇಳಿದೆ. ಜಗನ್ ಎಂದಿನ ಹಾಗೆ, "ಮಗು ಆಸೆಯಿಂದ ಮಾಡ್ತಾವ್ಳೆ, ಸುಮ್ನಿರಕ್ಕ" ಎಂದ. ಅವನಿಗೇನು ಗೊತ್ತು? ನಾವು ಆ ಊರು ಬಿಟ್ಟಾಗ ಅವನಿಗೆ ಚಡ್ಡಿ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ನಿಮಗೆ ಇದನ್ನೆಲ್ಲ ಯಾಕೆ ಹೇಳಲಿಲ್ಲ ಎಂದು ಈಗ ನೀನು ನನ್ನನ್ನೇ ಕೇಳುತ್ತೀಯ. ಬೇಕೆಂದೇ ಹೇಳಲಿಲ್ಲ, ಅದು ಸರಿಯೆಂದು ಈಗಲೂ ಹೇಳುತ್ತೇನೆ. ನಮ್ಮ ಮಕ್ಕಳು ಯಾವ ಹೋಟೆಲಿಗಾದರೂ ಹಿಂದೆಮುಂದೆ ನೋಡದೆ ನುಗ್ಗಬೇಕು, ಕಾಲ ಮೇಲೆ ಕಾಲು ಹಾಕಿ ಕೂರಬೇಕು, ಸಾಂಬಾರ್ ತಣ್ಣಗಿದೆ ಎಂದು ಜೋರು ಮಾಡಬೇಕು ಎಂದು ನನಗಿತ್ತು. ನೀನು ಹಾಗೇ ಬೆಳೆದೆ. ವಿಡಿಯೋದಲ್ಲಿ ನೀನು ಸಪ್ಲೈಯರ್ ಮೇಲೆ ರೇಗುವಾಗ ನನಗೆ ಸಿಟ್ಟು ಬರುತ್ತದೆ, ಹೊಟ್ಟೆ ತಣ್ಣಗೂ ಆಗುತ್ತದೆ.

ಆದರೆ ಇದು ಮಾತ್ರ ಆಗುವುದಿಲ್ಲ. ಬುಕಿಂಗ್ ರದ್ದು ಮಾಡು. ಕಾರ್ಡು ಯಾರಿಗೂ ಹಂಚಬೇಡ. ನಮ್ಮ ಮನೆ ಮಹಡಿಯ ಮೇಲೆ ಶಾಮಿಯಾನ ಹಾಕಿಸೋಣ, ಅಡುಗೆ ನಾನು ನಿಂತು ಮಾಡಿಸುತ್ತೇನೆ. ಇಲ್ಲ, ಅಲ್ಲಿಯೇ ಆಗಬೇಕೆಂದರೆ ನನ್ನ ಅಪ್ಪನ ಎಂಬತ್ತಕ್ಕೆ ನಾನಿರುವುದಿಲ್ಲ. ಇದು ಹೆದರಿಸುವ ಮಾತಲ್ಲ. ನಾನು ಆ ಮೆಟ್ಟಿಲು ಹತ್ತುವುದಿಲ್ಲ ಎಂದರೆ ಹತ್ತುವುದಿಲ್ಲ. ತಾತನಿಗೆ ಕಾರ್ಡು ತೋರಿಸಿಲ್ಲ, ತೋರಿಸುವುದೂ ಇಲ್ಲ.

ಬಿಸಿಲು ಜಾಸ್ತಿ, ಹೊರಗೆ ತಿರುಗುವಾಗ ಮಜ್ಜಿಗೆ ಕುಡಿ. ಬೇಕರಿ ತಿಂಡಿ ಕಡಿಮೆ ಮಾಡು, ಮುಖದಲ್ಲಿ ಗುಳ್ಳೆ ಕಾಣುತ್ತಿದೆ. ಬುದ್ಧ ನಿನಗೆ ಒಳ್ಳೆಯ ಬುದ್ಧಿ, ಆರೋಗ್ಯ ಎರಡನ್ನೂ ಕೊಡಲಿ. ಸಿಟ್ಟಿನಲ್ಲಿ ಬರೆದಿದ್ದೇನೆ, ಆದರೆ ನಿನ್ನ ಮೇಲಿನ ಅಕ್ಕರೆಯಲ್ಲಿ ಸಾಸಿವೆಯಷ್ಟೂ ಕಡಿಮೆಯಾಗಿಲ್ಲ.

ಇಂತಿ ನಿನ್ನ ಅತ್ತೆ,
ಮಂಗಮ್ಮ

ಮರೆತ ಮಾತು: ಕಾಗದ ಅಂಚೆಗೆ ಹಾಕಿರಲಿಲ್ಲ. ಇದು ಮಾರನೆಯ ದಿನ ಬೆಳಿಗ್ಗೆ ಬರೆಯುತ್ತಿರುವುದು.

ನಿನ್ನಪ್ಪ, ನನ್ನ ಬುದ್ಧಿವಂತ ತಮ್ಮ, ಕಾರ್ಡನ್ನು ತಾತನ ಫೋನಿಗೇ ಕಳಿಸಿಬಿಟ್ಟಿದ್ದಾನೆ. ನಾನು ತರಕಾರಿ ತಂದು ಒಳಗೆ ಬಂದರೆ ಅವರು ಜಗುಲಿಯಲ್ಲಿ ಕೂತು ಎರಡು ಬೆರಳಲ್ಲಿ ಅದನ್ನು ದೊಡ್ಡದು ಮಾಡಿಕೊಂಡು ನೋಡುತ್ತಿದ್ದರು. "ಇದು ವೆಂಕಟರಾಮಪ್ಪನ ಹೋಟ್ಲು ಗೂಡಲ್ವೇನಮ್ಮ? ಅದ್ರೊಳಕ್ಕೆ ನನ್ನೇ ತಂದು ಕೂಡ್ಸವ್ಳಲ್ಲ ನಮ್ ಹುಡ್ಗಿ" ಎಂದು ನಕ್ಕರು. ನಾನು, "ನಾವಲ್ಲಿಗೆ ಹೋಗಲ್ಲಪ್ಪ, ಕ್ಯಾನ್ಸಲ್ ಮಾಡಿಸ್ತಿದೀನಿ" ಎಂದೆ. ಅವರು ನಗುವುದು ನಿಲ್ಲಿಸಿದರು.

ಒಂದು ವಿಷಯ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಅತ್ತೆ ಹೋಟೆಲಿನಲ್ಲಿ ದೋಸೆ ತಿನ್ನುವುದಿಲ್ಲ, ಅತ್ತೆಗೆ ಎಣ್ಣೆ ಆಗುವುದಿಲ್ಲ ಎಂದು ನೀನು ಎಲ್ಲರಿಗೂ ಹೇಳಿಕೊಂಡು ಬರುತ್ತೀಯಲ್ಲ, ಎಣ್ಣೆ ನನಗೆ ಚೆನ್ನಾಗಿಯೇ ಆಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅಪ್ಪನ ಜೊತೆ ಗೇಟಿಗೆ ಬಂದಿದ್ದೆ. ಕೇರಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು ನಾನೊಬ್ಬಳೇ. ನನ್ನ ಕ್ಲಾಸಿನ ಶ್ಯಾಮಲ, ಊರ ದೊಡ್ಡ ಮನೆಯವಳು, ಹೋಟೆಲಿನೊಳಗೆ ಕೂತಿದ್ದಳು. "ಬಾರೇ ಮಂಗಿ" ಎಂದು ಎದ್ದು ಬಂದು ಕೈಹಿಡಿದು ಎಳೆದುಕೊಂಡು ಹೋದಳು. ನಾನೂ ಹೋಗಿ ಬೆಂಚಿನ ಮೇಲೆ ಕೂತೆ. ದೋಸೆ ಬಂತು, ನನ್ನ ಮುಂದೆಯೇ ಇಟ್ಟರು. ಯಾರೂ ಏನೂ ಅನ್ನಲಿಲ್ಲ. ವೆಂಕಟರಾಮಪ್ಪ ಗಲ್ಲಾದಲ್ಲಿ ಕೂತು ಸುಮ್ಮನೆ ನೋಡುತ್ತಿದ್ದ, ಅಷ್ಟೇ. ಹೊಂಗೆಮರದ ಕೆಳಗಿದ್ದ ಅಪ್ಪ ಲೋಟ ಕೆಳಗಿಟ್ಟು, ಮೆಟ್ಟಿಲಿನ ತನಕ ಬಂದು, ಮೇಲೆ ಹತ್ತದೆ ಮೆಲ್ಲಗೆ ಕರೆದರು. "ಮಂಗೀ, ಬಾರಮ್ಮ ಆಚೆಗೆ." ನಾನು ದೋಸೆ ಮುರಿಯದೆ ಎದ್ದು ಬಂದೆ.

ವೆಂಕಟರಾಮಪ್ಪನನ್ನು ಬೈದು ಬೈದು ನನ್ನ ಸಿಟ್ಟು ಎಂದೋ ಸವೆದಿದೆ. ಸವೆಯದೆ ಉಳಿದಿರುವುದು ಅಪ್ಪನ ಮೇಲಿನದು. ಆ ದಿನ ಅವರು ಕರೆಯಬಾರದಿತ್ತು. ಅವರಿಗೆ ದಿನಾ ಮಾತ್ರೆ ಕೊಡುತ್ತೇನೆ, ಮಂಡಿಗೆ ಎಣ್ಣೆ ತಿಕ್ಕುತ್ತೇನೆ, ಅವರು "ಮಂಗೀ" ಎಂದು ಕರೆದರೆ ಇವತ್ತಿಗೂ ಮೊದಲ ಕೂಗಿಗೆ ಓಗೊಡುವುದಿಲ್ಲ. ಈ ಮಾತನ್ನು ನಾವಿಬ್ಬರೂ ಒಂದು ದಿನವೂ ಎತ್ತಿದ್ದಿಲ್ಲ. ಅವರು ಮರೆತಿದ್ದಾರೆ ಎಂದುಕೊಂಡಿದ್ದೆ.

ಇವತ್ತು ಅವರು ಫೋನು ಪಕ್ಕಕ್ಕಿಟ್ಟು ಹೇಳಿದರು, "ಹೋಗಣಮ್ಮ. ನೀನು ಮುಂದೆ ಹೋಗಿ ಕೂತ್ಕೋ, ನಾನು ಹಿಂದೆ ಬರ್ತೀನಿ. ಈ ಸಲ ಆಚೆಗೆ ಕರೆಯಲ್ಲ."

ಬುಕಿಂಗ್ ಇರಲಿ. ಕಾರ್ಡು ಮಾತ್ರ ಬೇರೆ ಮಾಡಿಸು. ಆ ಗೂಡು ಏನೆಂದು ಅದರ ಪಕ್ಕದಲ್ಲೇ ಬೋರ್ಡು ಬರೆಸಬೇಕೆಂದು ರಮೇಶ್‌ಬಾಬುವಿಗೆ ಹೇಳು. ಏನು ಬರೆಸಬೇಕೆಂದು ಅವನಿಗೆ ತಿಳಿಯದಿದ್ದರೆ ನಾನೇ ಬಂದು ಬರೆದುಕೊಡುತ್ತೇನೆ. ನಮಗೆ ಮೇಲಿನ ಹಾಲ್ ಬೇಡ. ಕೆಳಗೆ, ಬಾಗಿಲಿನ ಪಕ್ಕದ ಬೆಂಚು ಇರಲಿ, ತಾತನಿಗೆ ನನ್ನ ಪಕ್ಕದಲ್ಲಿ ಜಾಗ ಇಡು. ನನಗೊಂದು ದೋಸೆ ಹೇಳು.