ಚೀಟಿ ಎತ್ತಿದ ಕ್ರಮ

ಫೋರ್ಟ್ ಮೆಕ್‌ಮರಿ
ಮಾರ್ಚ್ 9, ಭಾನುವಾರ

ನನ್ನ ಮುದ್ದು ಮೊಂಡಿ ಕೊರಾಲಿ,

ಫೋನಿನಲ್ಲಿ ಹೇಳಲು ಹೋದರೆ ಮತ್ತೆ ಜಗಳಕ್ಕೆ ನಿಲ್ಲುತ್ತೇನೆ, ನನ್ನ ಬಾಯಿ ನಿನಗೆ ಗೊತ್ತಲ್ಲ. ಅದಕ್ಕೇ ಈ ಕಾಗದ, ನಾಳೆ ಆ ಕಡೆ ಬರುವ ನಮ್ಮ ಲ್ಯಾಬಿನ ಕ್ಲೆಮ್ ಕೈಯಲ್ಲಿ. ಗುರುವಾರ ಎಡ್ಮಂಟನ್ನಿನಲ್ಲಿ ಕಂಪನಿಯ ದೊಡ್ಡವರ ಮುಂದೆ ನಿಲ್ಲುವ ಮೊದಲು ಓದು.

ಎಣ್ಣೆಮರಳಿನಿಂದ ಟಾರು ಬಿಡಿಸಲು ಐವತ್ತೈದು ಡಿಗ್ರಿಯ ನೀರು ಬೇಡ, ನಲವತ್ತೇ ಸಾಕು ಎನ್ನುತ್ತದೆ ನಿನ್ನ ವರದಿ. ಅದರ ಅಂಕಿಗಳೆಲ್ಲ ನಾನು ಕೊಟ್ಟವು. ಎರಡು ಬಗೆಯ ಮರಳಿನ ಹದಿನಾರು ಪ್ರಯೋಗಗಳಿಗೆ ನೀನು ಚೀಟಿ ಎತ್ತಿ ಕ್ರಮ ಬರೆದು ಕಳಿಸಿದ್ದೆ: ಒಮ್ಮೆ ಬಿಸಿ, ಒಮ್ಮೆ ಉಗುರುಬೆಚ್ಚಗೆ, ಮತ್ತೆ ಬಿಸಿ. ತೊಟ್ಟಿಯ ನೀರು ಆರಲು ಪ್ರತಿಸಲ ಎರಡು ಗಂಟೆ ಬೇಕು. "ಯಾವ ಕುಡುಕ ಬರೆದ ಪಟ್ಟಿ ಇದು?" ಎಂದು ನಕ್ಕೆ. ನಲವತ್ತರವನ್ನೆಲ್ಲ ಸೋಮವಾರ, ಮಂಗಳವಾರ ಮುಗಿಸಿ, ಐವತ್ತೈದರವನ್ನು ಗುರುವಾರ, ಶುಕ್ರವಾರ ಮಾಡಿದೆ. ಪಟ್ಟಿಯನ್ನು ಮಾತ್ರ ನಿನ್ನ ಕ್ರಮದಲ್ಲೇ ತುಂಬಿದೆ.

"ಅಮ್ಮಾ, ಕ್ರಮ ಬದಲಾಯಿಸಿಲ್ಲ ತಾನೇ?" ಎಂದು ನೀನು ಕೇಳಿದಾಗ ಉರಿದುಬಿದ್ದೆ. "ನೀನು ಹುಟ್ಟೋಕೆ ಮುಂಚಿಂದ ಮರಳು ತೊಳೀತಿದೀನಿ ಕಣೇ, ನಂಗೇ ಪಾಠ ಹೇಳ್ತೀಯಾ?" ಅಂದೆ. ಮೂರು ದಿನ ಬಿಟ್ಟು ಕ್ಷಮೆ ಕೇಳಿ ನಿನ್ನ ಕಾರ್ಡು ಬಂತು. ಫ್ರಿಜ್ಜಿನ ಮೇಲೆ ಅಂಟಿಸಿದೆ. ಹಾಲು ತೆಗೆಯಲು ಹೋದಾಗಲೆಲ್ಲ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು.

ಕೊನೆಗೆ ಲ್ಯಾಬಿನಲ್ಲಿ ಕ್ಲೆಮ್‌ಗೆ ಹೇಳಿಬಿಟ್ಟೆ. ಅವನು ನಾನು ಬಳಸಿದ ಬಕೆಟ್ಟಿನ ತಳದ ಮರಳನ್ನು ಬೆರಳಲ್ಲಿ ಉಜ್ಜಿ ನೋಡಿ, "ಅಲ್ಲ ವರ್ನಾ, ಸೋಮವಾರ ಮುಚ್ಚಳ ತೆಗೆದದ್ದು ಶುಕ್ರವಾರಕ್ಕೆ ಹಳಸಲ್ವಾ? ಮೊನ್ನೆ ಹಿಡಿದ ಮೀನನ್ನ ನಿಮ್ಮ ನ್ಯೂಫೌಂಡ್‌ಲ್ಯಾಂಡಲ್ಲಿ ತಾಜಾ ಅಂತಾರಾ?" ಎಂದ. ಗಾಳಿ ತಾಗಿದ ಮರಳು ಟಾರು ಬಿಡುವುದು ಕಡಿಮೆ. ಬಿಸಿನೀರಿನ ಪಾಲಿಗೆ ಬಂದದ್ದೆಲ್ಲ ಹಳಸಲೇ. ಆ ಅಂಕಿ ಹಿಡಿದುಕೊಂಡು ಹೋದರೆ ಮೊದಲ ಸಭೆಯಲ್ಲೇ ನಿನ್ನ ಹೆಸರು ಕೆಡುತ್ತದೆ.

ಫ್ರೀಜರಿನಲ್ಲಿ ಉಳಿದಿದ್ದ ಮರಳನ್ನು ಒಂದೊಂದೇ ಪೊಟ್ಟಣ ಬಿಚ್ಚಿ, ಹದಿನಾರನ್ನೂ ನಿನ್ನ ಚೀಟಿಯ ಕ್ರಮದಲ್ಲೇ ಮತ್ತೆ ಮಾಡಿದೆ. ತೊಟ್ಟಿ ಆರುವವರೆಗೆ ಕೂತು ನಿನಗೊಂದು ಜೊತೆ ಕಾಲುಚೀಲ ಹೆಣೆದೆ. ಲೆಕ್ಕ ನೀನೇ ಹಾಕು. ನನ್ನ ಕಣ್ಣಿಗೆ ಕಂಡದ್ದು ಇಷ್ಟು. ಜೇಡಿ ಬೆರೆತ ಮರಳಿಗೆ ಬಿಸಿ ಬೇಕೇ ಬೇಕು. ಒಳ್ಳೆಯ ಮರಳಿಗೆ ನಲವತ್ತೇ ಸಾಕು. ವರದಿಯ ಅರ್ಧ ಉಳಿದಿದೆ ಮಗಳೇ, ಆ ಅರ್ಧ ಗಟ್ಟಿಯಾಗಿದೆ.

ಹಳೆಯ ಪಟ್ಟಿಯಲ್ಲಿ ನಿಜವಾದ ದಿನ, ಗಂಟೆ ಬರೆದು ಸಹಿ ಹಾಕಿದ್ದೇನೆ. ಯಾರ ತಪ್ಪೆಂದು ಕೇಳಿದರೆ ನನ್ನ ಹೆಸರು ಹೇಳು. ಇಲ್ಲಿ ಮೇಲಿನವರಿಗೆ ನಾಳೆ ನಾನೇ ಹೇಳುತ್ತೇನೆ. ಭಯವೇನೋ ಇದೆ, ಆದರೂ ಇವತ್ತು ಹೊಟ್ಟೆತುಂಬ ಊಟ ಮಾಡಿದೆ.

ನಿನ್ನ ಬಾಯಿಬಡುಕಿ ಅಮ್ಮ,
ವರ್ನಾ

ತಾ.ಕ.: ನಿನ್ನ ಕಾರ್ಡನ್ನು ಇದೇ ಲಕೋಟೆಯಲ್ಲಿ ವಾಪಸ್ ಇಟ್ಟಿದ್ದೇನೆ. 'ಅಮ್ಮನಿಗೆ, ಕೊರಾಲಿಯಿಂದ' ಎಂದಿದ್ದುದನ್ನು ಹೊಡೆದುಹಾಕಿ 'ಕೊರಾಲಿಗೆ, ಅಮ್ಮನಿಂದ' ಎಂದು ಬರೆದೆ. ಒಳಗಿನ ಮಾತುಗಳಲ್ಲಿ ಒಂದನ್ನೂ ತಿದ್ದಬೇಕಾಗಲಿಲ್ಲ.